ನಗಣ, ಮಗಣ, ನಗಣ: ಹವ್ಯಾಸಿ ರೇಡಿಯೋ ಕುರಿತು ಒಂದು ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನ ಸಂಬಂಧಿಯಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ವಿಷಯಕ್ಕಾಗಿ ಹುಡುಕುವ ಶ್ರಮ ನನಗೆ ಬೀಳಲಿಲ್ಲ. ಇಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಆದರೆ ಹಳೆಯ ವಿದ್ಯಾರ್ಥಿಗಳು ಪೇಟೆಯಲ್ಲಿ ಎದುರಾದಾಗ ನ್ಯೂಟನ್ನನ ನಿಯಮಗಳ ಬಗ್ಗೆ ಯಾರೂ ಕೇಳುವುದಿಲ್ಲ, “ಮಾಷ್ಟ್ರೇ, ನಿಮ್ಮ ಕಟ್ಟ-ಕಡ ರೇಡಿಯೋ ಇನ್ನೂ ಉಂಟಾ?” ಎಂದೇ ಕೇಳುತ್ತಾರೆ. ಉಂಟು. ಆ ಕಟ್ಟ-ಕಡವನ್ನೇ ಈ ಪಾಠದ ವಸ್ತುವನ್ನಾಗಿ ಮಾಡಿಕೊಂಡಿದ್ದೇನೆ.

ಹವ್ಯಾಸಿ ರೇಡಿಯೋ, ರೂಢಿಯ ಮಾತಿನಲ್ಲಿ ಹ್ಯಾಮ್ ರೇಡಿಯೋ, ಎಂದರೆ ಹಣದ ಅಪೇಕ್ಷೆಯಿಲ್ಲದೆ, ಕಲಿಕೆಗಾಗಿ ಮತ್ತು ಸಂತೋಷಕ್ಕಾಗಿ, ಸರಕಾರದ ಪರವಾನಗಿ ಪಡೆದ ವ್ಯಕ್ತಿಗಳು ತಮ್ಮ ಮನೆಯಿಂದಲೇ ನಿಸ್ತಂತು ಸಂಪರ್ಕ ನಡೆಸುವುದು. ಆಕಾಶವಾಣಿಯಂತೆ ಇದು ಪ್ರಸಾರವಲ್ಲ. ಹಾಡು ಹಾಕುವಂತಿಲ್ಲ, ವ್ಯಾಪಾರ ಮಾತನಾಡುವಂತಿಲ್ಲ. ನಮ್ಮ ದೇಶದಲ್ಲಿ ಪರೀಕ್ಷೆಯೊಂದನ್ನು ಪಾಸು ಮಾಡಿದವರಿಗೆ, ಹನ್ನೆರಡು ವರ್ಷ ತುಂಬಿದ ಮಕ್ಕಳಿಗೂ, ಪರವಾನಗಿಯೊಡನೆ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಕರೆಸಂಕೇತ ದೊರೆಯುತ್ತದೆ. ಜಗತ್ತಿನಲ್ಲಿ ಆ ಸಂಕೇತ ಇನ್ನೊಬ್ಬರಿಗಿಲ್ಲ. ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಅವರು 1921ರಲ್ಲಿಯೇ ಇಂತಹ ಕೇಂದ್ರವನ್ನು ನಡೆಸಿದ್ದರು.

ಈ ಹವ್ಯಾಸಕ್ಕೆ ಒಂದು ಅಭಿಮಾನದ ಚರಿತ್ರೆಯುಂಟು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನೆಲ್ಲ 200 ಮೀಟರು ಮತ್ತು ಅದಕ್ಕಿಂತ ಕಿರಿದಾದ ತರಂಗಗಳಿಗೆ ಅಟ್ಟಿಬಿಟ್ಟಿತು. ಅಂತಹ ತರಂಗಗಳು ದೂರ ಹೋಗಲಾರವು, ನಿಷ್ಪ್ರಯೋಜಕ, ಎಂಬುದು ಆಗಿನ ತಜ್ಞರ ಮತ. ಹವ್ಯಾಸಿಗಳು ಆ ಬಂಜರು ಭೂಮಿಯನ್ನೇ ಉತ್ತರು. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲೆಯೋನ್ ದೆಲುವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು 100 ಮೀಟರು ತರಂಗದಲ್ಲಿ ಅಟ್ಲಾಂಟಿಕ್ ಸಾಗರದ ಆಚೀಚೆ ಪರಸ್ಪರ ಮಾತುಕತೆ ನಡೆಸಿದರು. ಬಂಜರೆಂದು ಬಿಟ್ಟ ನೆಲ ಚಿನ್ನದ ಗಣಿಯೆಂದು ಗೊತ್ತಾದ ಮೇಲೆ ದೊಡ್ಡ ಕಂಪೆನಿಗಳೂ ಸರಕಾರಗಳೂ ಓಡಿಬಂದವು. ಅದು ಬೇರೆ ಕಥೆ.

ಇನ್ನು ನನ್ನ ಕಥೆ. ನನಗೆ ಸಿಕ್ಕಿದ ಪುಸ್ತಕಗಳೆಲ್ಲ ಇಂಗ್ಲಿಷಿನವು. ವಿದ್ಯುನ್ಮಂಡಲಗಳ ಭಾಗ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೋರ್ಸ್ ಸಂಕೇತ. ನಿಮಿಷಕ್ಕೆ ಐದು ಪದ, ಪದಕ್ಕೆ ಐದು ಅಕ್ಷರ. ಐದು ನಿಮಿಷ ಎಡೆಬಿಡದೆ ಬರುವ 125 ಅಕ್ಷರಗಳನ್ನು ಕಿವಿಯಲ್ಲಿ ಕೇಳಿ ಕೈಯಲ್ಲಿ ಬರೆಯಬೇಕು. ಚುಕ್ಕಿ ಮತ್ತು ಗೆರೆಗಳ ಪಟ್ಟಿಯನ್ನು ನಾನು ಕಣ್ಣಿನಿಂದ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯ ದಿನ ಮಂಗಳೂರಿನಲ್ಲಿ ಕುಳಿತಾಗ ಪ್ರತಿಯೊಂದು ಸದ್ದನ್ನೂ ಮನಸ್ಸಿನಲ್ಲಿ ಚುಕ್ಕಿಯಾಗಿ ಬರೆದು, ಆ ಚುಕ್ಕಿಗಳನ್ನು ಅಕ್ಷರವಾಗಿ ಓದುವಷ್ಟರಲ್ಲಿ ಮುಂದಿನ ಎರಡು ಅಕ್ಷರಗಳು ದಾಟಿಹೋಗುತ್ತಿದ್ದವು. ಅನುತ್ತೀರ್ಣನಾದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ಕೆಂಪು ಗೀರು ಎಳೆಯುತ್ತಿದ್ದವನಿಗೆ ಅದೊಂದು ಒಳ್ಳೆಯ ಔಷಧವಾಯಿತೆನ್ನಬೇಕು.

ಪರಿಹಾರ ದೊರೆತದ್ದು ಗೋಡೆಯಾಚೆಯಿಂದ. ನಮ್ಮ ಪ್ರಯೋಗಾಲಯಕ್ಕೂ ಒಂಬತ್ತನೆಯ ತರಗತಿಗೂ ನಡುವೆ ಅರ್ಧಗೋಡೆ ಮಾತ್ರ ಇದ್ದ ಕಾಲವದು. ಒಂದು ಮಧ್ಯಾಹ್ನ ನಾನು ಇತ್ತ ಕೀಲಿ ಕುಟ್ಟುತ್ತಿದ್ದಾಗ ಅತ್ತ ನಮ್ಮ ಕನ್ನಡ ಪಂಡಿತರು ಛಂದಸ್ಸಿನ ಪಾಠ ಮಾಡುತ್ತಿದ್ದರು. “ಮೂರೂ ಲಘುವಾದರೆ ನಗಣ, ಮೂರೂ ಗುರುವಾದರೆ ಮಗಣ” ಎಂದು ಮಕ್ಕಳು ರಾಗವಾಗಿ ಹೇಳುತ್ತಿದ್ದರು. ನನ್ನ ಕೈ ನಿಂತಿತು. ಮೂರು ಚುಕ್ಕಿ ಇಂಗ್ಲಿಷಿನ ‘ಎಸ್’. ಮೂರು ಗೆರೆ ‘ಓ’. ಹಾಗಾದರೆ ಮುಳುಗುವ ಹಡಗಿನ ಕೂಗಾದ ‘ಎಸ್ ಓ ಎಸ್’ ಎಂದರೆ ನಗಣ, ಮಗಣ, ನಗಣ!

ಕಾಗದ ತೆಗೆದು ಉಳಿದ ಗಣಗಳನ್ನೂ ಬರೆದೆ. ಮೂರು ಸದ್ದುಗಳಿಂದಾಗುವ ಮೋರ್ಸ್ ಅಕ್ಷರಗಳು ಎಂಟು. ಮೂರಕ್ಷರದ ಗಣಗಳೂ ಎಂಟು. ಒಂದಕ್ಕೊಂದು ತಪ್ಪದೆ ಕೂಡುತ್ತವೆ. ಆದಿಗುರುವಾದ ಭಗಣ ‘ಡಿ’. ನಡುವೆ ಗುರುವಿರುವ ಜಗಣ ‘ಆರ್’. ಅಂತ್ಯಗುರುವಾದ ಸಗಣ ‘ಯು’. ಆದಿಲಘುವಾದ ಯಗಣ ‘ಡಬ್ಲ್ಯು’, ಮಧ್ಯಲಘುವಾದ ರಗಣ ‘ಕೆ’, ಅಂತ್ಯಲಘುವಾದ ತಗಣ ‘ಜಿ’. ನಗಣ ಮತ್ತು ಮಗಣ ಆಗಲೇ ಬಂದಿವೆ. ಇದರಲ್ಲಿ ಆಶ್ಚರ್ಯಪಡಬೇಕಾದ ಮಾಯೆಯೇನೂ ಇಲ್ಲ. ಎರಡು ಬಗೆಯ ವಸ್ತುಗಳನ್ನು ಮೂರು ಸ್ಥಾನಗಳಲ್ಲಿ ಇಡುವ ಕ್ರಮಗಳು ಎರಡರ ಘನ, ಎಂಟೇ. ನಮ್ಮ ಪ್ರಾಚೀನ ಛಂದಶ್ಶಾಸ್ತ್ರಕಾರರು ಪ್ರಸ್ತಾರವೆಂದು ಬರೆದಿಟ್ಟುದೂ ಈ ಗಣಿತವನ್ನೇ. ಆದರೆ ನನಗೆ ಅದರಿಂದಾದ ಉಪಕಾರ ದೊಡ್ಡದು. ಕಣ್ಣಿನ ಚುಕ್ಕಿ ಕಿವಿಯ ಲಯವಾಯಿತು.

ಸಂಭ್ರಮದಿಂದ ಪಂಡಿತರಲ್ಲಿಗೆ ಓಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಕೀಲಿಯ ಸದ್ದನ್ನು ಎರಡು ಬಾರಿ ಕೇಳಿ, “ಮಾಷ್ಟ್ರೇ, ನಿಮ್ಮ ಉದ್ದದ ಸದ್ದು ಎಷ್ಟು ಮಾತ್ರೆ?” ಎಂದರು. ಪುಸ್ತಕ ನೋಡಿ ಹೇಳಿದೆ: ಚುಕ್ಕಿ ಒಂದಾದರೆ ಗೆರೆ ಮೂರು. ಅಕ್ಷರದೊಳಗಿನ ಬಿಡುವು ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. “ಹಾಗಾದರೆ ಅದು ಗುರುವಲ್ಲ. ಗುರುವಿಗೆ ಎರಡೇ ಮಾತ್ರೆ. ಮೂರು ಮಾತ್ರೆಯದು ಪ್ಲುತ. ದೂರದವರನ್ನು ಕರೆಯುವಾಗ ಬರುವುದು ಅದೇ ತಾನೇ?” ಎಂದು ನಕ್ಕರು. ನಾನು ಆ ಮಾತನ್ನು ಪಾಂಡಿತ್ಯದ ಹಾಸ್ಯವೆಂದುಕೊಂಡು ಬಿಟ್ಟೆ. ಪರವಾನಗಿ ಬಂದ ಮೇಲೆ ಮೊದಲ ದಿನಗಳಲ್ಲಿ ನನ್ನ ಸಂಕೇತವನ್ನು ಕೇಳಿದ ಹಿರಿಯ ಹವ್ಯಾಸಿಯೊಬ್ಬರು, ನಿಮ್ಮ ಗೆರೆಗಳು ಗಿಡ್ಡವಾಗಿವೆ, ಚುಕ್ಕಿಯೋ ಗೆರೆಯೋ ತಿಳಿಯುವುದಿಲ್ಲ, ಎಂದು ತಿದ್ದಿದಾಗ ಪಂಡಿತರ ಮಾತು ನೆನಪಾಯಿತು. ಲಘು-ಗುರುವಿನ ಅಭ್ಯಾಸದಿಂದ ನಾನು ಎರಡೇ ಮಾತ್ರೆಗೆ ಕೈ ಎತ್ತುತ್ತಿದ್ದೆ. ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆಂಬುದನ್ನು ತಿಳಿಯದೆ ಹೋಲಿಕೆಯನ್ನು ನೆಚ್ಚಿದರೆ ಹೀಗೇ ಆಗುವುದು.

ಎರಡನೆಯ ಬಾರಿ ಪರೀಕ್ಷೆಯಲ್ಲಿ ಪಾಸಾದೆನೆಂದು ಬೇರೆ ಹೇಳಬೇಕಾಗಿಲ್ಲ. ಈಗಿನ ಮಕ್ಕಳಿಗೆ ಈ ಕಷ್ಟ ಕಡಿಮೆ. 2003ರ ವಿಶ್ವ ರೇಡಿಯೋ ಸಮ್ಮೇಳನ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವನ್ನು ತೆಗೆದುಹಾಕಿತು. ನಮ್ಮಲ್ಲೂ ನಿರ್ಬಂಧಿತ ದರ್ಜೆಯ ಪರವಾನಗಿಗೆ ಮೋರ್ಸ್ ಬೇಡ. ಆದರೂ ಕಲಿಯಿರಿ ಎನ್ನುತ್ತೇನೆ. ಇಂಗ್ಲಿಷ್ ಉಚ್ಚಾರಣೆಗೆ ಅಂಜುವ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಸಮಾನತೆಯ ಭಾಷೆ ಬೇರೊಂದಿಲ್ಲ. ಮೋರ್ಸಿನಲ್ಲಿ ಲಂಡನ್ನಿನವನಿಗೂ ಬದಿಯಡ್ಕದವನಿಗೂ ಒಂದೇ ಉಚ್ಚಾರಣೆ.

ಆಂಟೆನಾ ವಿಷಯಕ್ಕೆ ಬರೋಣ. ಅಪಘಾತಗಳ ತವರುಮನೆ ಅದು. ತರಂಗದ ಉದ್ದವನ್ನು ಮೀಟರಿನಲ್ಲಿ ತಿಳಿಯಬೇಕಾದರೆ 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಬೇಕು. ಅರ್ಧತರಂಗದ ತಂತಿ ಬೇಕಾದರೆ ಅದರ ಅರ್ಧ. ಆದರೆ ತಂತಿಯ ತುದಿಗಳ ಪರಿಣಾಮದಿಂದ ನೂರಕ್ಕೆ ಐದರಷ್ಟು ಕಡಿಮೆ ಮಾಡಬೇಕಾದುದರಿಂದ 143ನ್ನು ಭಾಗಿಸುವುದು ರೂಢಿ. 7.05 ಮೆಗಾಹರ್ಟ್ಸಿಗೆ ಸುಮಾರು 20.3 ಮೀಟರು, ನಡುವೆ ಕತ್ತರಿಸಿ ಕೇಬಲು ಜೋಡಿಸಿದರೆ ಒಂದೊಂದು ಪಕ್ಕಕ್ಕೆ ಹತ್ತು ಮೀಟರಿಗಿಂತ ತುಸು ಹೆಚ್ಚು. ಕಾಸರಗೋಡಿನ ಕಡೆಯವರಿಗೆ ಕಂಬದ ಚಿಂತೆಯಿಲ್ಲ. ನಾನು ಎರಡು ತೆಂಗಿನ ಮರಗಳ ನಡುವೆ ತಾಮ್ರದ ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು ಕಟ್ಟಿ, ಕೈಕಟ್ಟಿ ನೋಡಿ ಹೆಮ್ಮೆಪಟ್ಟೆ. ಮೊದಲ ಮುಂಗಾರಿನ ಗಾಳಿಗೆ ಮರಗಳೆರಡೂ ಎರಡು ದಿಕ್ಕಿಗೆ ಬಾಗಿದವು. ತಂತಿ ತುಂಡಾಗಿ ಬಾವಿಗೆ ಬಿತ್ತು. ಭೌತಶಾಸ್ತ್ರದ ಮಾಷ್ಟ್ರಿಗೆ ಮರ ಅಲುಗುತ್ತದೆಂಬುದು ಹೊಳೆದಿರಲಿಲ್ಲ. ಮುಂದೆ ಒಂದು ತುದಿಗೆ ರಾಟೆ ಹಾಕಿ, ಹಗ್ಗದ ಕೊನೆಗೆ ಕಲ್ಲು ತೂಗಬಿಟ್ಟೆ. ಮರ ಬಾಗಿದರೆ ಕಲ್ಲು ಏರುತ್ತದೆ, ನಿಂತರೆ ಇಳಿಯುತ್ತದೆ. ಬಾವಿಯಿಂದ ನೀರೆಳೆಯುವ ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಯಂತ್ರವದು.

ಆ ವ್ಯವಸ್ಥೆಯನ್ನೂ ಮರುವರ್ಷ ಅಡಿಕೆಗೆ ಮದ್ದು ಬಿಡಲು ಮರವೇರಿದವನು ಬಳ್ಳಿಯಂತೆ ಕೊಯ್ದು ಹಾಕಿದ. “ಒಂದು ತಂತಿ ಸುಮ್ಮನೆ ನೇತಾಡುತ್ತಾ ಇತ್ತು, ತೆಗೆದುಬಿಟ್ಟೆ” ಎಂದು ಉಪಕಾರ ಮಾಡಿದ ಧ್ವನಿಯಲ್ಲಿ ಹೇಳಿದ. ತಪ್ಪು ಅವನದಲ್ಲ. ಅದು ಸುಮ್ಮನೆ ನೇತಾಡುತ್ತಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಇನ್ನೊಮ್ಮೆ ಗುಡುಗಿನ ಸಂಜೆ ಆಂಟೆನಾದ ಕೇಬಲನ್ನು ಕಳಚಲು ಮರೆತು ಮಲಗಿದೆ. ಬೆಳಿಗ್ಗೆ ಗ್ರಾಹಕದ ಮೊದಲ ಸುರುಳಿ ಕರಟಿಹೋಗಿತ್ತು. ಮನೆ ಉಳಿದದ್ದು ಪುಣ್ಯ.

ಆದರೆ ಊರಿನವರು ಈಗಲೂ ನೆನೆಯುವುದು ತಾಳಮದ್ದಳೆಯ ಪ್ರಸಂಗವನ್ನು. ಆಗ ನನ್ನ ಪ್ರೇಷಕ ಹಳೆಯ 807 ಕವಾಟವನ್ನಿಟ್ಟು ನಾನೇ ಬೆಸುಗೆ ಹಾಕಿದ್ದು. ಮಾತಿನ ಪ್ರೇಷಣಕ್ಕೂ ಇಳಿದಿದ್ದೆ. ದೇವಸ್ಥಾನದ ಜಗಲಿಯಲ್ಲಿ ‘ಕೃಷ್ಣ ಸಂಧಾನ’ ನಡೆಯುತ್ತಿತ್ತು. ಕೃಷ್ಣನ ಅರ್ಥಧಾರಿಗಳು ಐದು ಗ್ರಾಮಗಳನ್ನಾದರೂ ಕೊಡೆಂದು ಕೇಳಿ ಒಂದು ಕ್ಷಣ ನಿಲ್ಲಿಸಿದರಂತೆ. ಆ ಮೌನದಲ್ಲಿ ಧ್ವನಿವರ್ಧಕದಿಂದ “ಸಿಕ್ಯೂ, ಸಿಕ್ಯೂ, ಯಾರಾದರೂ ಕೇಳುತ್ತಿದ್ದೀರಾ?” ಎಂಬ ನನ್ನ ಸ್ವರ ಸ್ಪಷ್ಟವಾಗಿ ಹೊರಟಿತು. ದುರ್ಯೋಧನನ ಅರ್ಥಧಾರಿಗಳು ತಡಮಾಡದೆ, “ಏನು ಕೃಷ್ಣಾ, ಸಂಧಾನಕ್ಕೆ ನೀನೊಬ್ಬನೇ ಬಂದೆಯೆಂದುಕೊಂಡಿದ್ದೆ. ಜೊತೆಗೆ ಇನ್ನಾರನ್ನೋ ಕರೆತಂದಂತಿದೆ!” ಎಂದರಂತೆ. ಸಭೆ ಹತ್ತು ನಿಮಿಷ ನಕ್ಕಿತು. ಇದರ ಕಾರಣ ಸರಳವಾದದ್ದು. ಮೈಕಿನ ಉದ್ದವಾದ ತಂತಿ ತಾನೇ ಆಂಟೆನಾ ಆಗಿ ನನ್ನ ತರಂಗವನ್ನು ಹಿಡಿಯಿತು; ವರ್ಧಕದ ಮೊದಲ ಟ್ರಾನ್ಸಿಸ್ಟರು ಅದನ್ನು ಪರಿಶೋಧಿಸಿ ಧ್ವನಿಯಾಗಿಸಿತು. ಮೈಕಿನ ತಂತಿಗೆ ಸರಿಯಾದ ಹೆಣಿಗೆಯ ಕವಚ, ವರ್ಧಕದ ಬಾಯಲ್ಲಿ ಒಂದು ಸಣ್ಣ ಕೆಪಾಸಿಟರು, ಇಷ್ಟರಿಂದ ಪರಿಹಾರವಾಯಿತು. ಮರುದಿನ ನಾನೇ ಹೋಗಿ ಕ್ಷಮೆ ಕೇಳಿ ಜೋಡಿಸಿಕೊಟ್ಟೆ. ಅಂದಿನಿಂದ ತಾಳಮದ್ದಳೆಯ ರಾತ್ರಿಗಳಲ್ಲಿ ನನ್ನ ಪ್ರೇಷಕಕ್ಕೆ ರಜೆ.

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಐವತ್ತು ಕಿಲೋಮೀಟರು ದೂರದ ಮಂಗಳೂರಿಗೆ ಕೇಳದ ಧ್ವನಿ ಜಪಾನಿಗೆ ಹೇಗೆ ಕೇಳುತ್ತದೆ? ನನಗೇ ಆದ ಅನುಭವವಿದು. ಒಂದು ಹಗಲು 14 ಮೆಗಾಹರ್ಟ್ಸಿನಲ್ಲಿ ಮಂಗಳೂರಿನ ಗೆಳೆಯರನ್ನು ಅರ್ಧ ಗಂಟೆ ಕೂಗಿದೆ. ಉತ್ತರವಿಲ್ಲ. ಬೇಸತ್ತು ನಿಲ್ಲಿಸುವಾಗ ಜಪಾನಿನ ಕೇಂದ್ರವೊಂದು ನನ್ನನ್ನು ಕರೆಯಿತು. ಭೂಮಿಯ ಮೇಲೆ ನೂರಾರು ಕಿಲೋಮೀಟರು ಎತ್ತರದಲ್ಲಿ ಸೂರ್ಯಕಿರಣಗಳಿಂದ ವಿದ್ಯುದಾವಿಷ್ಟವಾದ ಅಯಾನುಗೋಳವೆಂಬ ಪದರಗಳಿವೆ. ಹ್ರಸ್ವ ತರಂಗ ಓರೆಯಾಗಿ ಅಲ್ಲಿಗೆ ಮುಟ್ಟಿದರೆ ಬಾಗಿ ಸಾವಿರಾರು ಕಿಲೋಮೀಟರು ಆಚೆ ಇಳಿಯುತ್ತದೆ. ನೆಟ್ಟಗೆ ಮೇಲಕ್ಕೆ ಹೋದರೆ, ಆ ಕಂಪನಾಂಕದಲ್ಲಿ, ಪದರವನ್ನು ಭೇದಿಸಿ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲವನ್ನು ಹಿಡಿದು ಸಾಗುವ ಅಲೆಯಾದರೋ ಕೆಲವೇ ಮೈಲಿಗಳಲ್ಲಿ ಸೊರಗುತ್ತದೆ. ನೆಲದ ಅಲೆ ಮುಗಿದಲ್ಲಿಂದ ಆಕಾಶದ ಅಲೆ ಇಳಿಯುವವರೆಗಿನ ಪ್ರದೇಶ ಮೌನವಲಯ. ಮಂಗಳೂರು ಅದರೊಳಗಿತ್ತು. ಹತ್ತಿರದವರೊಡನೆ ಮಾತನಾಡಬೇಕಾದರೆ ಹಗಲು 40 ಮೀಟರು, ರಾತ್ರಿ 80 ಮೀಟರು ಬ್ಯಾಂಡಿಗೆ ಇಳಿಯಬೇಕು. ಹಗಲಿನಲ್ಲಿ 80 ಮೀಟರನ್ನು ಕೆಳಗಿನ ‘ಡಿ’ ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರವೂ ಕರಗುತ್ತದೆ.

ಈಗ ಹೇಳುವುದನ್ನು ನಾನು ಹೆಚ್ಚು ಜನರಿಗೆ ಹೇಳಿಲ್ಲ. ತೊಂಬತ್ತರ ದಶಕದ ಒಂದು ಆಟಿ ತಿಂಗಳ ರಾತ್ರಿ. ಮಳೆಗೆ ಮರಗಳು ಬಿದ್ದು ವಿದ್ಯುತ್ತು ಹೋಗಿತ್ತು. ಊರಿಗಿದ್ದ ಎರಡು ಮೂರು ದೂರವಾಣಿಗಳೂ ಸತ್ತಿದ್ದವು. ಹತ್ತಿರದ ಮನೆಯ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾಗಿದೆ, ಮಾಷ್ಟ್ರ ರೇಡಿಯೋದಲ್ಲಿ ಮಂಗಳೂರಿಗೆ ತಿಳಿಸಲಿ, ವಾಹನ ಕಳಿಸಲಿ, ಎಂದು ನಾಲ್ಕು ಜನ ಲಾಟೀನು ಹಿಡಿದು ಬಂದರು. ಆ ಹೊತ್ತಿಗೆ ನನ್ನದು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಯಂತ್ರವಾಗಿತ್ತು. ರಾತ್ರಿ ಒಂಬತ್ತಕ್ಕೆ 80 ಮೀಟರಿನಲ್ಲಿ ಮಂಗಳೂರಿನ ಗೆಳೆಯರು ದಿನಾಲೂ ಸೇರುತ್ತಿದ್ದರು. ಗುಂಡಿ ತಿರುಗಿಸಿದೆ; ಅವರ ಮಾತು ಪಕ್ಕದ ಕೋಣೆಯಿಂದೆಂಬಂತೆ ಕೇಳಿಸಿತು. ಕೀಲಿ ಒತ್ತಿದೆ. ದೀಪ ಮಂಕಾಗಿ ಯಂತ್ರ ಆರಿತು. ಹಿಂದಿನ ಎರಡು ಸಂಜೆ ದೂರದ ದ್ವೀಪವೊಂದನ್ನು ಹಿಡಿಯುವ ಹುಚ್ಚಿನಲ್ಲಿ ನಾನು ಬ್ಯಾಟರಿಯನ್ನು ಬರಿದುಮಾಡಿದ್ದೆ, ಚಾರ್ಜಿಗಿಡಲು ಮರೆತಿದ್ದೆ. ಕೇಳುವುದಕ್ಕೆ ಅಲ್ಪ ವಿದ್ಯುತ್ತು ಸಾಕು. ಹೇಳುವುದಕ್ಕೆ ಅದರ ಹತ್ತಾರು ಪಾಲು ಬೇಕು. ಮತ್ತೆ ಮತ್ತೆ ಒತ್ತಿದೆ. ಗೆಳೆಯರು ಮಳೆಯ ವಿಚಾರ ಮಾತನಾಡಿ, ಒಬ್ಬರಿಗೊಬ್ಬರು ಶುಭರಾತ್ರಿ ಹೇಳಿ ಹೊರಟುಹೋದರು. ಬಂದವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು.

ಆಕೆಯನ್ನು ಕುರ್ಚಿಯಲ್ಲಿ ಹೊತ್ತು ಎರಡು ಮೈಲಿ ನಡೆದರು. ಬೆಳಗಿನ ಜಾವ ಜೀಪೊಂದು ಸಿಕ್ಕಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ರೇಡಿಯೋ ನಡೆದಿದ್ದರೆ ಉಳಿಯುತ್ತಿತ್ತೇ ಎಂದು ಅನಂತರ ವೈದ್ಯರೊಬ್ಬರನ್ನು ಕೇಳಿದೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಮನೆಯವರು ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ.

ಸೀಸದ ಬ್ಯಾಟರಿ ತುಂಬಿದ್ದರೆ ಬಿಡುವಿನಲ್ಲಿ ಸುಮಾರು 12.6 ವೋಲ್ಟು ತೋರುತ್ತದೆ. 12ರ ಕೆಳಗೆ ಇಳಿದರೆ ಬರಿದಾದಂತೆಯೇ ಲೆಕ್ಕ. ಅಳೆಯುವಾಗ ಬಿಡುವಿನಲ್ಲಷ್ಟೇ ಅಲ್ಲ, ಪ್ರೇಷಕವನ್ನು ಒತ್ತಿದಾಗಲೂ ಅಳೆಯಬೇಕು. ಅಂದಿನಿಂದ ಪ್ರತಿ ಆದಿತ್ಯವಾರ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಎರಡನೆಯ ಬ್ಯಾಟರಿಯೊಂದಿದೆ, ಅದನ್ನು ಹವ್ಯಾಸಕ್ಕೆ ಮುಟ್ಟುವುದಿಲ್ಲ.

ಸಿದ್ಧರಾಗಿದ್ದವರ ಉದಾಹರಣೆಗಳೂ ಉಂಟು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಡನೆ ಪೋರ್ಟ್ ಬ್ಲೇರಿನಲ್ಲಿದ್ದರು. ಅಂಡಮಾನಿನಿಂದ ಹವ್ಯಾಸಿ ಕೇಂದ್ರವೊಂದು ಬಹುಕಾಲದಿಂದ ನಡೆದಿರಲಿಲ್ಲವಾದ್ದರಿಂದ ಜಗತ್ತಿನ ಹವ್ಯಾಸಿಗಳೆಲ್ಲ ಆ ಸಂಪರ್ಕಕ್ಕೆ ಮುಗಿಬಿದ್ದಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಬೆನ್ನಿಗೆ ಸುನಾಮಿ. ದೂರವಾಣಿಗಳು ನಿಂತುಹೋದವು. ವಿನೋದಕ್ಕೆಂದು ಒಯ್ದ ಯಂತ್ರಗಳು ಅಂದಿನಿಂದ ಬದುಕಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸುವ ಕೆಲಸಕ್ಕೆ ನಿಂತವು. 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2018ರ ಕೇರಳದ ನೆರೆ, ಇವುಗಳಲ್ಲಿಯೂ ಹವ್ಯಾಸಿಗಳು ದುಡಿದಿದ್ದಾರೆ.

ಆಕಾಶದ ಕಡೆಗೂ ಒಂದು ನೋಟ ಹರಿಸಬೇಕು. 2005ರ ಮೇ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ವಾಹನ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನು ಒಯ್ದಿತು. ಹವ್ಯಾಸಿಗಳಿಗೆಂದೇ ಇಸ್ರೋ ನಿರ್ಮಿಸಿದ ಇದು 2014ರವರೆಗೆ ದುಡಿಯಿತು. ತಲೆಯ ಮೇಲೆ ಹಾದುಹೋಗುವ ಹತ್ತು ಹದಿನೈದು ನಿಮಿಷಗಳಲ್ಲಿ ಅದರ ಮೂಲಕ ಮಾತನಾಡಬಹುದಿತ್ತು. ನಾನು ಮೊದಲ ಸಲ ಕೈಯಲ್ಲಿ ಆಂಟೆನಾ ಹಿಡಿದು ಅಂಗಳದಲ್ಲಿ ನಿಂತಾಗ ಗಡಿಯಾರ ಐದು ನಿಮಿಷ ಹಿಂದಿತ್ತು. ಉಪಗ್ರಹ ಅರ್ಧ ಆಕಾಶ ದಾಟಿತ್ತು. 2025ರ ಜುಲೈಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಡನೆ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಿಂದ ವಿದ್ಯಾರ್ಥಿಗಳು ಸಂಭಾಷಿಸಿದ್ದೂ ಹ್ಯಾಮ್ ರೇಡಿಯೋ ಮೂಲಕವೇ.

ಕೊನೆಯದಾಗಿ, ನಿವೃತ್ತನಾದ ಮೇಲೂ ಶನಿವಾರಗಳಂದು ಶಾಲೆಯ ಮಕ್ಕಳಿಗೆ ಮಾಡಿಸುವ ಅಭ್ಯಾಸವೊಂದನ್ನು ಹೇಳಿಬಿಡುತ್ತೇನೆ. ತಮ್ಮ ಊರಿನ ಹೆಸರಿಗೆ ಪ್ರಸ್ತಾರ ಹಾಕಿ, ಮೋರ್ಸಿನ ಯಾವ ಅಕ್ಷರವಾಗುತ್ತದೆಂದು ಹೇಳಬೇಕು. ಕುಂಬಳೆ ‘ಡಿ’. ಮಧೂರು ‘ಆರ್’. ನೀರ್ಚಾಲು ‘ಜಿ’. ಪೈವಳಿಕೆ ‘ಬಿ’. ಬದಿಯಡ್ಕ, ಒತ್ತಕ್ಷರದ ಹಿಂದಿನದು ಗುರುವೆಂಬುದನ್ನು ಮರೆಯದಿದ್ದರೆ, ‘ಎಫ್’. ಪಯಸ್ವಿನಿ ನದಿ ‘ಎಲ್’. ಪ್ರಾಸವನ್ನು ಬಿಟ್ಟ ಗೋವಿಂದ ಪೈಗಳ ಮಂಜೇಶ್ವರ ‘ಜೆಡ್’. ಗಡಿಯಾಚೆಯ ಮಂಗಳೂರು ‘ಸಿ’. ಅದರ ಮುಂದೆ ‘ಬಾ ರಾಮನೇ’ ಎಂದರೆ ‘ಕ್ಯೂ’. ಹೀಗೆ ಸರ್ವರನ್ನೂ ಕರೆಯುವ ‘ಸಿಕ್ಯೂ’ ಸಿದ್ಧವಾಯಿತು. ಒಬ್ಬ ಹುಡುಗ ಅಪಾಯದ ಕರೆಗೆ “ಉಡುಪಿ ಶ್ರೀಕೃಷ್ಣಾ ಉಡುಪಿ” ಎಂದು ಕಟ್ಟಿದ. ನಗಣ, ಮಗಣ, ನಗಣ, ಮಾತ್ರೆ ತಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ದೇಲಂಪಾಡಿಯ ಹುಡುಗಿಯೊಬ್ಬಳು ತನ್ನ ಊರಿಗೆ ಪ್ರಸ್ತಾರ ಹಾಕಿ ಸಪ್ಪಗೆ ಕುಳಿತಳು. ಮೂರು ಗುರು, ಒಂದು ಲಘು. ಇಂಗ್ಲಿಷಿನ ಇಪ್ಪತ್ತಾರರಲ್ಲಿ ಅಂತಹ ಅಕ್ಷರವಿಲ್ಲ. “ನಮ್ಮ ಊರಿಗೆ ಅಕ್ಷರವೇ ಇಲ್ಲವಾ ಸರ್?” ಎಂದಳು. ನನಗೂ ಗೊತ್ತಿರಲಿಲ್ಲ. ಹುಡುಕಿ ಮುಂದಿನ ಶನಿವಾರ ಹೇಳಿದೆ: ಜರ್ಮನರು ‘ಓ’ ಅಕ್ಷರದ ಮೇಲೆ ಎರಡು ಚುಕ್ಕಿಯಿಟ್ಟು ಬರೆಯುತ್ತಾರೆ, ಅದಕ್ಕೆ ಮೋರ್ಸಿನಲ್ಲಿ ಮೂರು ಗೆರೆ, ಒಂದು ಚುಕ್ಕಿ. ಆಕೆ ಈಗ ಪರವಾನಗಿ ಪಡೆದಿದ್ದಾಳೆ. ಸಂಪರ್ಕವಾದವರು ಪರಸ್ಪರ ಅಂಚೆಯಲ್ಲಿ ಕಳುಹಿಸುವ ಕ್ಯೂಎಸ್‌ಎಲ್ ಕಾರ್ಡುಗಳಲ್ಲಿ ಆಕೆಗೆ ಬಂದ ಮೊದಲನೆಯದನ್ನು ಶಾಲೆಗೆ ಕೊಟ್ಟಳು. ಅದು ಜರ್ಮನಿಯ ಕಲೋನ್ ನಗರದ್ದು. ಆ ಊರಿನ ಹೆಸರನ್ನು ಅಲ್ಲಿಯವರು ಬರೆಯುವ ರೀತಿಯಲ್ಲಿ ಎರಡನೆಯ ಅಕ್ಷರವೇ ಅದು. ಕಾರ್ಡು ಪ್ರಯೋಗಾಲಯದ ಗೋಡೆಯ ಮೇಲಿದೆ. ಮಹೋತ್ಸವಕ್ಕೆ ಬಂದವರು ನೋಡಬಹುದು.